ಒಂದು ಬೆರಳು ಅರಳೆ

ಹೆಣ್ಣು ನೋಡಲು ಬಂದ ಗಂಡು ಜಮಖಾನೆಯ ಮೇಲೆ ಕೂಡಲಿಲ್ಲ. ಆಗಿದ್ದು ಇಷ್ಟೇ. ಆದರೆ ಹರಿಹರದಲ್ಲಿ ಒಂದು ಹೆಣ್ಣಿನ ಮಾನ ಹರಾಜಾಗಲು ಇಷ್ಟು ಬೇಕಾದಷ್ಟಾಯಿತು.

ಅರವತ್ತೆರಡನೇ ಇಸವಿ, ಬೇಸಿಗೆ ಇನ್ನೇನು ಕಾಲಿಡಬೇಕು. ಗುತ್ತೆಪ್ಪನ ಮನೆಯ ಪಡಸಾಲೆಯಲ್ಲಿ ಪಕ್ಕದ ಮನೆಯಿಂದ ಕೇಳಿ ತಂದ ಜಮಖಾನೆ ಹಾಸಿತ್ತು. ಬಾತಿ ಊರಿನಿಂದ ಬಂದವರು ಮೂವರು: ಹುಡುಗ, ಹುಡುಗನ ತಾಯಿ, ಸೋದರಮಾವ. ಹುಡುಗ ಹಾಲೇಶಪ್ಪ ದಾವಣಗೆರೆಯ ಕಲ್ಲೇಶಪ್ಪ ಸಾಹುಕಾರರ ಲಾರಿ ಕಂಪನಿಯಲ್ಲಿ ಡ್ರೈವರು. ಹತ್ತಿ ಬೇಲು ಹೇರಿಕೊಂಡು ಬೊಂಬಾಯಿಗೆ ಹೋಗುವುದು, ಬರುವುದು, ಅದೇ ಅವನ ಬದುಕು. ತಾಯಿ ಕೂತಳು, ಮಾವ ಕೂತ. ಹುಡುಗ ಮಾತ್ರ ಕಂಬಕ್ಕೆ ಹೆಗಲು ಕೊಟ್ಟು ನಿಂತ. ಗುತ್ತೆಪ್ಪ ಮೂರು ಸಲ ಕೂಡ್ರಿ ಎಂದ, ಮೂರು ಸಲವೂ ಹುಡುಗ ಇರ್ಲಿ ಬಿಡ್ರಿ ಎಂದ. ಉಪ್ಪಿಟ್ಟನ್ನೂ ನಿಂತೇ ತಿಂದ.

ಅವರ ಮಂದಿಯಲ್ಲಿ ಒಂದು ರೂಢಿ ಇತ್ತು. ಗಂಡು ಜಮಖಾನೆಯ ಮೇಲೆ ಕೂತು ಎಲೆ ಅಡಿಕೆ ಮುಟ್ಟಿದರೆ ಮಾತು ಮುಂದಕ್ಕೆ. ಕೂಡದಿದ್ದರೆ ಹೆಣ್ಣನ್ನು ಒಲ್ಲೆ ಎಂದು ಅರ್ಥ. ಒಲ್ಲೆ ಎಂದು ಬಾಯಿ ಬಿಟ್ಟು ಹೇಳುವ ಮುಜುಗರ ಯಾರಿಗೂ ಬೇಡವೆಂದು ಹಿರಿಯರು ಮಾಡಿಟ್ಟ ಉಪಾಯ ಅದು. ಹಿರಿಯರಿಗೇನು, ಮಾಡಿಟ್ಟು ಹೋದರು.

ಉಪ್ಪಿಟ್ಟಿನ ತಟ್ಟೆ ಕೊಟ್ಟವಳು ಹುಡುಗಿ, ಉಡಚಮ್ಮ. ಇಪ್ಪತ್ತು ತುಂಬಿತ್ತು. ತಲೆ ತಗ್ಗಿಸಿಕೊಂಡು ಹೋಗು ಎಂದು ತಾಯಿ ಕಾಟಮ್ಮ ನೂರು ಸಲ ಹೇಳಿ ಕಳಿಸಿದ್ದಳು. ತಟ್ಟೆ ಚಾಚಿದಳು, ಅವನು ಹಿಡಿದ, ಆದರೆ ಎಳೆದುಕೊಳ್ಳಲಿಲ್ಲ. ಯಾಕೆಂದು ಅವಳು ಕಣ್ಣೆತ್ತಿದಳು. ರಸ್ತೆಯ ಧೂಳಿಗೆ ಕೆಂಪಾದ ಕಣ್ಣು, ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಗು. ಆ ಕಣ್ಣು ಅವಳ ಮುಖದಿಂದ ಇಳಿದು ಬಲಗೈ ಹೆಬ್ಬೆರಳ ಮೇಲೆ ನಿಂತಿತು. ಅಲ್ಲಿ ಹುಣಸೆಬೀಜದಷ್ಟು ದಪ್ಪ ಗಡ್ಡೆ ಕಟ್ಟಿತ್ತು. ಅವಳು ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವನ ನಗು ಇನ್ನಷ್ಟು ಹರಡಿತು. ಇದು ಒಲ್ಲೆ ಅನ್ನುವವನ ನೋಟವಲ್ಲ ಎಂದು ಅವಳ ಎದೆ ಅವಳಿಗೆ ಹೇಳಿತು, ಅವಳು ನಂಬಿಯೂ ಬಿಟ್ಟಳು.

ಎಂಟು ದಿನಕ್ಕೆ ಬಾತಿಯಿಂದ ಸುದ್ದಿ ಬಂತು: ಸಂಬಂಧ ಬೇಡ.

ಆಮೇಲೆ ಕೇಳಬೇಕೆ. ಹುಡುಗ ಕೈಗಡಿಯಾರ ಕೊಡುವುದಿಲ್ಲವೆಂದು ಮುನಿಸಿಕೊಂಡು ನಿಂತಿದ್ದ ಎಂದು ಒಬ್ಬಳು, ಹುಡುಗಿಯ ಕೈ ನೋಡಿ ಹೆದರಿದ ಎಂದು ಇನ್ನೊಬ್ಬಳು. ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರಿಗೆ ಆ ವಾರ ಸೋಪು ಸಾಲದಿದ್ದರೂ ಮಾತು ಸಾಲದೇ ಹೋಗಲಿಲ್ಲ. ಉಡಚಮ್ಮ ಹೊಳೆಗೆ ಹೋಗುವುದನ್ನೇ ಬಿಟ್ಟಳು. ಒಲ್ಲೆ ಅಂದದ್ದಕ್ಕಿಂತ, ಆ ನೋಟವನ್ನು ತಾನು ತಪ್ಪಾಗಿ ತಿಳಿದೆನಲ್ಲ ಎಂಬುದೇ ಅವಳನ್ನು ಹೆಚ್ಚು ಸುಡುತ್ತಿತ್ತು. ತನ್ನನ್ನು ಒಲ್ಲದವನ ನಗುವನ್ನು ಎಂಟು ದಿನ ನೆನೆದು ನೆನೆದು ಮಲಗಿದ್ದಳು, ಎಂಥ ನಾಚಿಕೆಗೇಡು.

ಹೆಬ್ಬೆರಳಿನ ಗಡ್ಡೆಯ ಕಥೆಯನ್ನು ಈಗ ಹೇಳಬೇಕು, ಯಾಕೆಂದರೆ ಅದು ಓಣಿಯ ಹೆಂಗಸರಿಗೂ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಲಾರಿ ಬರುತ್ತಿದ್ದದ್ದು ಬೆತ್ತಲೆಯಾಗಿ: ಎಂಜಿನ್ನು, ಗಾಲಿ, ಉದ್ದಕ್ಕೆ ಎರಡು ಕಬ್ಬಿಣದ ತೊಲೆ. ಡ್ರೈವರು ಕೂಡುವ ಕ್ಯಾಬಿನ್ನು, ಹಿಂದಿನ ಪೆಟ್ಟಿಗೆ, ಎಲ್ಲವನ್ನೂ ಇಲ್ಲೇ ಊರಿನ ಬಡಿಗೇರು ಮರದಲ್ಲಿ ಕಟ್ಟಬೇಕು. ಹರಿಹರದ ಬಾಡಿ ಶೆಡ್ಡಿನಲ್ಲಿ ಸೀಟಿನ ಕೆಲಸ ಗುತ್ತೆಪ್ಪನದು. ಹಲಗೆಯ ಮೇಲೆ ತೆಂಗಿನ ನಾರು, ನಾರಿನ ಮೇಲೆ ಬೀಜ ತೆಗೆದ ಹತ್ತಿಯ ಅರಳೆ, ಅದರ ಮೇಲೆ ರೆಕ್ಸಿನ್ ಬಿಗಿದು ದಬ್ಬಳದಿಂದ ಹೊಲಿಗೆ. ಮೂರು ವರ್ಷದ ಹಿಂದೆ ಗುತ್ತೆಪ್ಪನ ಕಣ್ಣಿಗೆ ಪೊರೆ ಬಂತು. ಕೆಲಸ ಹೋದರೆ ಮನೆ ನಡೆಯುವುದು ಹೇಗೆ. ಕೈಗಾಡಿಯಲ್ಲಿ ಹಲಗೆ ಮನೆಗೆ ಬರತೊಡಗಿತು, ಹಿತ್ತಲ ಕೋಣೆಯಲ್ಲಿ ಮಗಳು ದಬ್ಬಳ ಹಿಡಿದಳು, ಅದನ್ನು ಒತ್ತಿ ಒತ್ತಿ ಹೆಬ್ಬೆರಳು ಗಡ್ಡೆ ಕಟ್ಟಿತು. ಹೆಣ್ಣು ಮಾಡಿದ ಸೀಟಿನ ಮೇಲೆ ಲಾರಿಯವರು ಕೂತಾರೆಯೇ ಎಂದು ಹೆದರಿ ಹೆಸರು ಮಾತ್ರ ಅಪ್ಪನದೇ ಉಳಿಯಿತು.

ಕಲ್ಲೇಶಪ್ಪ ಸಾಹುಕಾರರಿಗೆ ಸೀಟಿನ ವಿಷಯದಲ್ಲಿ ಒಂದು ನಂಬಿಕೆ. ಮೆತ್ತಗಿದ್ದರೆ ಡ್ರೈವರು ನಿದ್ದೆ ಹೋಗುತ್ತಾನೆ. ಅದಕ್ಕೇ ನಾರಿನ ಮೇಲೆ ಎರಡು ಬೆರಳು ದಪ್ಪ ಅರಳೆ, ಅದಕ್ಕಿಂತ ಒಂದೆಳೆ ಹೆಚ್ಚು ಬೇಡ ಎಂದು ತಾವೇ ಅರಳೆ ಅಳೆದು ಕಳಿಸುತ್ತಿದ್ದರು.

ಎರಡು ಬೆರಳಿನ ಜಾಗದಲ್ಲಿ ಉಡಚಮ್ಮ ಒಂದು ಬೆರಳು ಹಾಕಿದಳು.

ಮೊದಲ ಸಲ ಉಳಿದದ್ದು ತಾನಾಗಿ ಉಳಿದದ್ದೇ. ಆಮೇಲೆ ಉಳಿಸತೊಡಗಿದಳು. ಮದುವೆಯಾಗಿ ಹೋಗುವ ಹೆಣ್ಣಿನ ಕೂಡ ಒಂದು ಗಾದಿ ಹೋಗಬೇಕು, ಇಲ್ಲದಿದ್ದರೆ ಅತ್ತೆಮನೆಯಲ್ಲಿ ಜನ್ಮವಿಡೀ ಅನ್ನಿಸಿಕೊಳ್ಳಬೇಕು. ಅರಳೆ ಕೊಂಡು ಗಾದಿ ಮಾಡಿಸುವ ಮನೆ ಇದಲ್ಲ. ಹನ್ನೆರಡು ಲಾರಿ, ಹನ್ನೆರಡು ಸೀಟು, ಪ್ರತಿಯೊಂದರಿಂದ ಒಂದು ಬೆರಳು. ಗಾದಿ ಉಬ್ಬಿತು. ಅದರ ಮೇಲೆ ಒಂದು ಮಧ್ಯಾಹ್ನ ಅಂಗಾತ ಮಲಗಿ, ಮುಂದೊಂದು ದಿನ ಪಕ್ಕದಲ್ಲಿ ಯಾರು ಮಲಗುತ್ತಾರೋ ಎಂದು ಒಬ್ಬಳೇ ನಕ್ಕಿದ್ದೂ ಉಂಟು. ಸೀಟಿನ ಮೇಲೆ ಕೂಡುವವರೂ ಮನುಷ್ಯರೇ ಎಂಬುದು ಆ ಮಧ್ಯಾಹ್ನ ಅವಳಿಗೆ ಹೊಳೆಯಲಿಲ್ಲ.

ಸುದ್ದಿ ಬಂದ ಹತ್ತನೇ ದಿನ ಹಿದಾಯತ್ ಬಂದ. ಅವನೂ ಕಲ್ಲೇಶಪ್ಪನವರ ಕಂಪನಿಯ ಡ್ರೈವರೇ, ವಯಸ್ಸಾದವನು, ಬಾಯಿ ತುಂಬ ಮಾತು. ಹೆಗಲ ಮೇಲಿದ್ದ ಸೀಟನ್ನು ಕಟ್ಟೆಯ ಮೇಲೆ ಇಳಿಸಿ, ಗುತ್ತೆಪ್ಪ ಇಲ್ಲದ್ದು ನೋಡಿ, ನೀರು ಕೇಳಿದ. ನೀರು ಕುಡಿದು ಸೀಟಿನ ಕಥೆ ಶುರು ಮಾಡಿದ. ಇದರ ಮೇಲೆ ಕೂಡುವ ಹುಡುಗನಿಗೆ ಕೂಡುವ ಜಾಗದಲ್ಲೆಲ್ಲ ಕುರು ಎದ್ದಿವೆಯಂತೆ. ಎಂಜಿನ್ನಿನ ಕಾವು ಕೆಳಗಿನಿಂದ, ಅದರ ಮೇಲೆ ಹಲಗೆಯ ಒತ್ತು. ಬೊಂಬಾಯಿಯಿಂದ ಬರುವಾಗ ಘಾಟಿಯಲ್ಲಿ ಅರ್ಧ ನಿಂತೇ ಸ್ಟೇರಿಂಗ್ ತಿರುಗಿಸಿದನಂತೆ. ಡಾಕ್ಟರಿಗೂ ತೋರಿಸಲಿಲ್ಲ, ನಾಚಿಕೆ.

"ತಂಗೀ, ನಗಬ್ಯಾಡ. ಮೊನ್ನೆ ಹೆಣ್ಣು ನೋಡಾಕ ಹೋಗಿದ್ನಂತೆ. ಅಲ್ಲೂ ಕೂಡಾಕ ಆಗ್ದೆ ನಿಂತಿದ್ನಂತೆ ಪಾಪ. ಯಾರ ಮನೆ ಅಂತ ಸಾಯಬಡಿದ್ರೂ ಹೇಳಲ್ಲ ನನ್ಮಗ."

ಉಡಚಮ್ಮ ನಗಲಿಲ್ಲ. ಹುಡುಗನ ಹೆಸರು ಕೇಳುವ ಅಗತ್ಯವೂ ಇರಲಿಲ್ಲ, ಆದರೂ ಕೇಳಿದಳು. ಬಾತಿ ಹಾಲೇಶಿ ಎಂದ ಹಿದಾಯತ್, ಸೀಟು ಬೇಗ ಆಗಲಿ ಎಂದು ಹೇಳಿ ಹೋದ.

ಸೀಟನ್ನು ಹಿತ್ತಲ ಕೋಣೆಗೆ ಎಳೆದುಕೊಂಡಳು. ಅಂಚಿನ ಜೋಡಿ ಹೊಲಿಗೆ ಅವಳದೇ. ರೆಕ್ಸಿನ್ನಿನ ನಡುವೆ ಕಂದು ಬಣ್ಣದ ಕಲೆಗಳಿದ್ದವು, ಒದ್ದೆ ಬಟ್ಟೆಯಿಂದ ಯಾರೋ ತಿಕ್ಕಿ ತಿಕ್ಕಿ ಒರೆಸಿದ್ದರೂ ಹೋಗಿರಲಿಲ್ಲ. ಅವಳು ಹೊಲಿಗೆ ಬಿಚ್ಚಿದಳು. ಒಂದು ಬೆರಳು ಅರಳೆ ಬೆವರು ಕುಡಿದು ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಅದನ್ನು ತೂತು ಮಾಡಿಕೊಂಡು ನಾರಿನ ಗಂಟುಗಳು ಮೇಲೆ ಬಂದಿದ್ದವು. ಅಂಗೈ ಊರಿ ಭಾರ ಬಿಟ್ಟು ನೋಡಿದಳು, ನಿಮಿಷಕ್ಕೆ ಕೈ ತೆಗೆದಳು. ಅವನು ಮೂರು ಹಗಲು ಮೂರು ರಾತ್ರಿ ಕೂಡುತ್ತಿದ್ದ.

ಅಳು ಬರಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕು ಅನ್ನಿಸಿತು. ಗಾದಿ ತಂದು, ದಬ್ಬಳದ ತುದಿಯಿಂದಲೇ ಅದರ ಹೊಟ್ಟೆ ಸೀಳಿದಳು. ನಾಲ್ಕು ಬೆರಳು ದಪ್ಪ ಅರಳೆ ಹರಡಿ, ಬಿಗಿದು, ಹೊಲಿದಳು. ಸಂಜೆ ಕಾಟಮ್ಮ ಬಂದು ಸೀಳಿದ ಗಾದಿ ನೋಡಿ ಬಾಯಿ ಬಡಿದುಕೊಂಡಳು. ಮೂರು ವರ್ಷದ ಗಾದಿ, ನಿನಗೇನು ಮೈಮೇಲೆ ಬಂದಿತ್ತೇ ಎಂದಳು. ಉಡಚಮ್ಮ ಉಳಿದ ಅರಳೆಯನ್ನು ಗಾದಿಯೊಳಗೆ ತುರುಕಿ ಮಡಚಿಟ್ಟಳು.

ತಿಂಗಳೊಪ್ಪತ್ತಿಗೆ ಒಂದು ಬೆಳಗ್ಗೆ ಮನೆಯ ಮುಂದೆ ಲಾರಿ ನಿಂತಿತು. ಬೊಂಬಾಯಿಯಿಂದ ಬಂದು ದಾವಣಗೆರೆಗೆ ಹೊರಟಿದ್ದ ಹಾಲೇಶಪ್ಪ ಇಳಿದು, ಕಟ್ಟೆಯ ಮೇಲಿದ್ದ ಗುತ್ತೆಪ್ಪನ ಎದುರು ಕೈ ಮುಗಿದ. ಒಲ್ಲೆ ಎಂದ ಮನೆಗೆ ಯಾವ ಮುಖ ಹೊತ್ತು ಬಂದೆ ಎಂದು ಗುತ್ತೆಪ್ಪ ಕೇಳಲಿಲ್ಲ, ಅಷ್ಟು ಒಳ್ಳೆಯವನು. ಹುಡುಗ ದನಿ ತಗ್ಗಿಸಿ, ಆ ಸೀಟು ಮಾಡಿದ ಕೈಗೆ ನಮಸ್ಕಾರ ಹೇಳಲು ಬಂದೆ, ಹುಣ್ಣೆಲ್ಲ ಮಾಯಿತು, ಹೊಸ ಜನ್ಮ ಬಂತು ಎಂದ. ಗುತ್ತೆಪ್ಪ ಹೂಂ ಹೂಂ ಎನ್ನುತ್ತ ಪಂಚೆಯ ಅಂಚು ಹಿಂಡತೊಡಗಿದ.

ಬಾಗಿಲ ಹಿಂದೆ ನಿಂತಿದ್ದ ಉಡಚಮ್ಮನಿಗೆ ಸುಮ್ಮನಿರುವುದು ಎಷ್ಟು ಸುಲಭವಿತ್ತು. ಸುಮ್ಮನಿದ್ದರೆ ಅಪ್ಪನ ಕೆಲಸ ಉಳಿಯುತ್ತದೆ, ತನ್ನ ಮಾನ ಉಳಿಯುತ್ತದೆ, ಈ ಹುಡುಗ ಮತ್ತೆ ಬಂದರೂ ಬಂದಾನು. ಹೇಳಿದರೆ ಮೂರೂ ಹೋದವು. ಬಾಗಿಲು ದಾಟಿ ಬಂದಳು.

"ಆ ಸೀಟು ಮಾಡಿದ್ದು ನಮ್ಮಪ್ಪ ಅಲ್ಲ, ನಾನು," ಎಂದಳು. "ಮೊದಲಿನ ಸೀಟು ಮಾಡಿದ್ದೂ ನಾನೇ. ಸಾವ್ಕಾರ್ರು ಎರಡು ಬೆರಳು ಅರಳೆ ಕೊಟ್ಟಿದ್ರು. ಹನ್ನೆರಡು ಸೀಟಿನಾಗೂ ಒಂದೊಂದು ಬೆರಳು ಕದ್ದು ನನ್ನ ಮದುವಿ ಗಾದಿಗೆ ತುಂಬ್ಕೊಂಡೆ."

ಹಾಲೇಶಪ್ಪ ಅವಳನ್ನು ನೋಡಿದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನ ಮುಖ ಸಣ್ಣಗಾಯಿತು, ನೋಟ ಅವಳ ಹೆಬ್ಬೆರಳಿಗೆ ಇಳಿಯಿತು, ಅಲ್ಲಿಂದ ನೆಲಕ್ಕೆ.

"ನಂದು ನೀವು ಸರಿ ಮಾಡಿದ್ರಿ. ಉಳಿದ ಹನ್ನೊಂದರ ಮ್ಯಾಲೆ ಕೂಡೋರು?"

ಅಷ್ಟೇ ಹೇಳಿ ಲಾರಿಯ ಕಡೆ ನಡೆದ. ಹೊರಗಿನವಳಿಗೆ ಅನ್ನುವ ಹಾಗೆ ನೀವು ಎಂದದ್ದು ಅವಳಿಗೆ ಕಪಾಳಕ್ಕೆ ಬಿದ್ದಂತಾಯಿತು. ಒಂದು ಗಳಿಗೆ ನಿಂತಳು, ಆಮೇಲೆ ತಂದೆಯ ಕಡೆ ತಿರುಗಿ, "ಅಪ್ಪಾ, ಚಪ್ಪಲಿ ಹಾಕ್ಕೋ. ದಾವಣಗೆರೆಗೆ ಹೋಗಾನ," ಎಂದಳು.

ಹುಟ್ಟಿದಾಗಿನಿಂದ ಲಾರಿಯ ಸೀಟು ನೋಡಿದವಳು, ಲಾರಿ ಹತ್ತಿದ್ದು ಅಂದೇ ಮೊದಲು. ನಡುವೆ ಗುತ್ತೆಪ್ಪ, ಬಾಗಿಲ ಕಡೆ ಅವಳು, ಪಕ್ಕದ ಬರಿ ಹಲಗೆಯ ಮೇಲೆ. ಬಾಗಿಲು ಎಂದರೆ ಒಂದು ಸರಪಳಿ. ಊರು ದಾಟುವುದರೊಳಗೆ ಅಂಗಾಲು ಸುಡತೊಡಗಿತು. ಪ್ರತಿ ತಗ್ಗಿಗೂ ಬೆನ್ನಿನ ಹುರಿ ಕುತ್ತಿಗೆಯವರೆಗೆ ಬಡಿಯುತ್ತಿತ್ತು. ದಾವಣಗೆರೆ ಎಷ್ಟು ದೂರ, ಒಂದು ಗಂಟೆಯ ದಾರಿಯೂ ಅಲ್ಲ, ಅಷ್ಟಕ್ಕೇ ಅವಳು ಎರಡು ಸಲ ಅತ್ತಿತ್ತ ಸರಿದು ಕೂತಳು. ಸರಿದಾಗಲೆಲ್ಲ ಅವನಿಗೆ ಕಾಣಿಸಿತೇನೋ ಎಂದು ನಾಚಿಕೆ. ಬಾತಿಯ ಹತ್ತಿರ ಅವನು ಮಾತಿಲ್ಲದೆ ತನ್ನ ಹೆಗಲ ಮೇಲಿನ ಟವೆಲ್ಲನ್ನು ಮಡಚಿ ಗುತ್ತೆಪ್ಪನ ತೊಡೆಯ ಮೇಲಿನಿಂದ ಅವಳ ಕಡೆ ನೂಕಿದ. ಕೆಳಗೆ ಹಾಕಿಕೊಂಡು ಕೂಡಲೆಂದು. ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡಳೇ ಹೊರತು ಕೆಳಗೆ ಹಾಕಿಕೊಳ್ಳಲಿಲ್ಲ.

ಕಂಪನಿಯ ಅಂಗಳದಲ್ಲಿ ನಾಲ್ಕು ಲಾರಿ, ಹತ್ತು ಹದಿನೈದು ಮಂದಿ. ಕಲ್ಲೇಶಪ್ಪ ಸಾಹುಕಾರರು ರುಮಾಲು ತೆಗೆದು ಮೊಣಕಾಲಿಗೆ ಸಿಕ್ಕಿಸಿ ಕುರ್ಚಿಯಲ್ಲಿ ಕೂತಿದ್ದರು. ಒಳಗೆ ಹೋಗಿ ಒಬ್ಬರಿಗೇ ಹೇಳಬಹುದಿತ್ತು. ಉಡಚಮ್ಮ ಅಂಗಳದ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು. ಯಾರ ಕೆಲಸ, ಯಾರ ಹೆಸರು, ಎರಡು ಬೆರಳು, ಒಂದು ಬೆರಳು, ಗಾದಿ. ಒಬ್ಬ ಕಿಸಕ್ಕನೆ ನಕ್ಕ. ಹಿದಾಯತ್ ಮುಖ ಆಚೆ ತಿರುಗಿಸಿದ. ತಂಗಿ ಎಂದವನು ಹಾಗೆ ಮುಖ ತಿರುಗಿಸಿದ್ದು ನೋಡಿ ಅವಳಿಗೆ ಆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಸಾಹುಕಾರರು ಕೂಗಾಡಲಿಲ್ಲ. ಕದ್ದದ್ದು ತಪ್ಪು, ಆದರೆ ಸೀಟು ಗಟ್ಟಿ ಇರುವುದೇ ಒಳ್ಳೆಯದು, ಮೆತ್ತಗಾದರೆ ಈ ಮಂದಿ ಸ್ಟೇರಿಂಗ್ ಮೇಲೇ ಗೊರಕೆ ಹೊಡೆಯುತ್ತಾರೆ ಎಂದರು. ಆಗ ಹಿದಾಯತ್ ಈ ಕಡೆ ತಿರುಗಿದ.

"ಸಾವ್ಕಾರ್ರೇ, ನೋವಿಗೆ ಯಾರೂ ಎಚ್ಚರ ಇರಲ್ಲ. ಕಣ್ಣಾಗ ನೀರು ಬಂದು ರಸ್ತೆನೇ ಕಾಣಲ್ಲ. ಹದಿನೆಂಟು ವರ್ಷ ಆತು, ನಾನು ಮನಿಯಾಗ ನೆಟ್ಟಗೆ ಕೂತು ಉಂಡಿಲ್ಲ. ಹೇಳಾಕ ನಾಚಿಕಿ, ಅದಕ್ಕ ಹೇಳಿಲ್ಲ."

ನಕ್ಕವನೂ ಕಾಲಿನ ಬೆರಳು ನೋಡಿಕೊಂಡ. ಸಾಹುಕಾರರು ರುಮಾಲನ್ನು ಮೊಣಕಾಲಿನಿಂದ ತೆಗೆದು ತಲೆಗಿಟ್ಟು, ಮತ್ತೆ ತೆಗೆದರು. ಕಡೆಗೆ ಮೂರು ಬೆರಳು ಎಂದರು. ಅರಳೆ ತಾವು ಕೊಡುವುದು, ಹನ್ನೊಂದು ಸೀಟನ್ನೂ ಹುಡುಗಿ ಕೂಲಿಯಿಲ್ಲದೆ ಹೊಸದಾಗಿ ಮಾಡಿಕೊಡುವುದು. ನಾಲ್ಕು ಎಂದು ಹಿದಾಯತ್ ಗೊಣಗಿದ, ಸಾಹುಕಾರರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ.

ಮಧ್ಯಾಹ್ನ ಹತ್ತಿ ಹೇರಿಕೊಂಡು ಹೊರಟ ಲಾರಿಯಲ್ಲೇ ಅಪ್ಪ ಮಗಳು ಹರಿಹರಕ್ಕೆ ತಿರುಗಿದರು. ಗುತ್ತೆಪ್ಪ ಕಣ್ಣು ಮುಚ್ಚಿ ಕತ್ತು ವಾಲಿಸಿದ. ಅವನ ಕಣ್ಣು ಮಂಜು, ಕಿವಿ ಚುರುಕು. ನಿದ್ದೆ ಬಂತೋ, ಬಂದಂತೆ ಮಾಡಿದನೋ, ಹೆತ್ತವರ ಗುಟ್ಟು ನಮಗೇಕೆ.

"ಒಂದು ಮಾತು ಹೇಳ್ಬೇಕು ನಿನಗ," ಎಂದ ಹಾಲೇಶಪ್ಪ.

ನಿನಗೆ ಎಂದದ್ದು ಅವಳಿಗೆ ಕೇಳಿಸಿತು. ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನಾನು ಕೂಡಲಿಲ್ಲ ಅಂತ ಸಂಬಂಧ ತಪ್ಪಿಲ್ಲ. ನಮ್ಮವ್ವಗ ನೀನು ಬಾಳ ಹಿಡಿಸಿದ್ದಿ. ರೂಢಿ ಗೀಢಿ ಬಿಡು, ಯಾಕ ಕೂಡಲಿಲ್ಲ ಅದನ್ನಷ್ಟು ಹೇಳು ಅಂತ ಎಂಟು ದಿನ ಕೇಳಿದ್ಲು. ಕುರು ಎದ್ದೈತಿ ಅಂತ ತಾಯಿ ಮುಂದ ಹೆಂಗ ಹೇಳಾದು. ಬಾಯಿಗೆ ಬಂದಂಗ, ಹುಡುಗಿ ನನಗ ಒಪ್ಪಿಗಿ ಇಲ್ಲ ಅಂದ್ಬಿಟ್ಟೆ."

ಉಡಚಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬೆಳಗಿನಿಂದ ತಗ್ಗಿಸಿಕೊಂಡಿದ್ದ ತಲೆ ತಾನಾಗಿ ಮೇಲೆದ್ದಿತು. ಕ್ಷಮೆ ಕೇಳಲು ಹೊರಟವಳಿಗೆ ಸಿಟ್ಟು ಬಂತು.

"ಎರಡು ತಿಂಗಳಾತು, ನಾನು ಹೊಳಿ ಕಡೆ ಹೋಗಿಲ್ಲ. ನನ್ನ ಕೈ ನೋಡಿ ನೀವು ಹೆದರಿದ್ರಂತ. ನಮ್ಮವ್ವ ಇವತ್ತಿಗೂ ನನ್ನ ಕೈನೇ ಬೈತಾಳ."

"ಆ ಕೈ ನೋಡೇ ನಾನು..." ಎಂದವನು ನಿಲ್ಲಿಸಿದ. ಎದುರಿನಿಂದ ಎತ್ತಿನ ಗಾಡಿ ಬರುತ್ತಿತ್ತು. ಅದು ದಾಟಿ ಹೋದ ಮೇಲೂ ಅವನ ಕಣ್ಣು ರಸ್ತೆಯ ಮೇಲೇ ಇತ್ತು, ಕಿವಿ ಮಾತ್ರ ಕೆಂಪಗಾಗಿತ್ತು. "ದುಡಿಯೋ ಕೈ ಅದು ಅಂತ ಗೊತ್ತಾತು. ಬೊಂಬಾಯಿ ತನಕ ಅದನ್ನೇ ನೆನಸ್ಕೊಂಡು ಹೋದೆ, ಬಂದೆ. ನೀನು ಬೆಳಿಗ್ಗೆ ಹೇಳಿದಾಗ ನೋವಾಗಿದ್ದು ಸೀಟಿಗಲ್ಲ. ನೀನು ಹೇಳಿದಿ, ನನಗ ಹೇಳಾಕ ಆಗ್ಲಿಲ್ಲಲ್ಲ ಅಂತ. ಈಗ ಅವ್ವನ್ನ ಕರ್ಕೊಂಡು ಬರ್ಲೇನು?"

ಎರಡು ತಿಂಗಳು ತಾನು ಕಾದದ್ದು ಈ ಮಾತಿಗೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಹೂಂ ಅನ್ನಲಿಲ್ಲ.

"ಹನ್ನೊಂದು ಸೀಟು ಮುಗೀಲಿ. ಆಮೇಲೆ ಬರ್ರಿ. ಬಂದು, ಅವತ್ತು ಯಾಕ ಕೂಡಲಿಲ್ಲ ಅಂತ ಮಂದಿ ಮುಂದ ಹೇಳ್ಬೇಕು."

"ಮಂದಿ ಮುಂದ?" ಹಾಲೇಶಪ್ಪ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದ.

"ನಾನು ಇವತ್ತು ಹೇಳಲಿಲ್ಲೇನು?"

ಹೊಳೆಯ ಸೇತುವೆ ಕಾಣುವವರೆಗೆ ಅವನು ಗೇರು ಬದಲಿಸುತ್ತ ಲಾರಿ ಓಡಿಸಿದ. ಇಳಿಯುವಾಗ ಗುತ್ತೆಪ್ಪ ಮಾತ್ರ, ನಿದ್ದೆಯಿಂದ ಎದ್ದವನಂತೆ, ಹುಡುಗನ ಹೆಗಲು ತಟ್ಟಿ, ಅಷ್ಟು ಮಾಡಪ್ಪ ಎಂದ.

ಹನ್ನೊಂದು ಸೀಟು ಮುಗಿಯಲು ಜ್ಯೇಷ್ಠ ಬಂತು. ಸಾಹುಕಾರರು ಕೊಟ್ಟದ್ದು ಮೂರು ಬೆರಳು, ನಾಲ್ಕನೆಯದನ್ನು ಅವಳು ತನ್ನ ಗಾದಿಯಲ್ಲಿ ಉಳಿದಿದ್ದ ಅರಳೆಗೆ ಹಳೆಯ ಸೀಟುಗಳದ್ದನ್ನೂ ಹಿಂಜಿ ಸೇರಿಸಿ ಹಾಕಿದಳು. ಈಗ ಬಾಗಿಲು ತೆರೆದೇ ಹೊಲಿಯುತ್ತಿದ್ದಳು. ಓಣಿಯ ಹೆಂಗಸರು ನಿಂತು ನೋಡಿ ಹೋಗುತ್ತಿದ್ದರು.

ಬಾತಿಯವರು ಬಂದ ದಿನ ಪಡಸಾಲೆ ತುಂಬಿತ್ತು. ಒಲ್ಲೆ ಎಂದವರು ಮತ್ತೆ ಯಾಕೆ ಬಂದರು ಎಂದು ನೋಡಲು ಕರೆಯದವರೂ ಬಂದಿದ್ದರು. ಒಳಕೋಣೆಯಲ್ಲಿ ಉಡಚಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವನು ಹೇಳದಿದ್ದರೆ ಹೇಗೆ ಎಂದು ಒಂದು ಭಯ, ಹೇಳಿದರೆ ಪಾಪ ಎಂದು ಇನ್ನೊಂದು ಭಯ. ಬೇಡ ಎಂದು ಹೇಳಿ ಕಳಿಸಲೇ ಎಂದೂ ಅಂದುಕೊಂಡಳು. ಅಷ್ಟರಲ್ಲಿ ಅವನ ದನಿ ಕೇಳಿಸಿತು.

"ಎಲ್ಲಾರೂ ಕೇಳ್ರಿ. ಅವತ್ತು ನಾನು ಕೂಡಲಿಲ್ಲ. ಕೂಡೋ ಜಾಗದಾಗ ಏಳು ಕುರು ಎದ್ದಿದ್ವು. ಅದನ್ನ ಹೇಳಾಕ ನಾಚಿಕಿ ಆಗಿ ಹುಡುಗಿ ಒಲ್ಲೆ ಅಂದೆ. ಅದು ಸುಳ್ಳು. ಹುಡುಗಿಯಾಗ ಏನೂ ಕೊರತಿ ಇಲ್ಲ. ನಾನೇ ಹೇಡಿ."

ಮರುಗಳಿಗೆಗೆ ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಹುಡುಗನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಕಾಟಮ್ಮ ಅಳುತ್ತ ನಕ್ಕಳು. ಏಳೇ ಎಂದು ಒಬ್ಬ ಮುದುಕಿ ಕೇಳಿದಳು, ಏಳು ಎಂದು ಅವನು ಒಪ್ಪಿಕೊಂಡ. ಎಲ್ಲರ ನಗುವಿನ ನಡುವೆ ಅವನು ಕೆಂಪಗೆ ಬೆವೆತು ನಿಂತಿದ್ದನ್ನು ಉಡಚಮ್ಮ ಕಿಂಡಿಯಿಂದ ಕಂಡಳು. ಅಷ್ಟು ಮಂದಿಯಲ್ಲಿ ಅವನೊಬ್ಬನೇ ಚೆಂದ ಕಂಡ.

ಯಾರಾದರೂ ಕರೆಯುವ ಮೊದಲೇ ಅವಳು ಹೊರಗೆ ಬಂದಳು. ನಗು ಇಳಿಯಿತು. ಹುಡುಗನ ತಾಯಿ ಅವಳ ಗಡ್ಡ ಹಿಡಿದು, ಇಂಥ ಹೇಡಿ ನಿನಗೆ ಒಪ್ಪಿಗೆಯೇನವ್ವ ಎಂದು ಕೇಳಿದಳು. ಹೆಣ್ಣನ್ನು ಹೀಗೆ ಎಲ್ಲರೆದುರು ಕೇಳುವ ಪದ್ಧತಿ ಇರಲಿಲ್ಲ, ಹೆಣ್ಣು ಉತ್ತರ ಕೊಡುವ ಪದ್ಧತಿಯಂತೂ ಇರಲೇ ಇಲ್ಲ. ಉಡಚಮ್ಮ ಹಾಲೇಶಪ್ಪನ ಮುಖ ನೋಡಿಕೊಂಡೇ ಉತ್ತರ ಕೊಟ್ಟಳು.

"ಒಪ್ಪಿಗಿ ಅವತ್ತೇ ಇತ್ತು ಅತ್ತೀ. ನಾಚಿಕಿ ಆಗಿ ಹೇಳಿರ್ಲಿಲ್ಲ."